ನೀಲಿಯಲ್ಲಿ ಉಳಿದ ಬೂಟು

“ಈ ಬೂಟು ಯಾರದ್ದು ಮರೀ?” ಎಂದು ಕಾಫಿ ಅಂಗಡಿಯ ಲೋರೇನ್ ಕೇಳಿದಾಗ ಸಿಗ್ನಿ ಕಾಫಿ ಲೋಟದ ಮುಚ್ಚಳ ಒತ್ತುತ್ತಿದ್ದಳು. ಅದು ಒಂದು ಕಡೆ ಕೂತರೆ ಇನ್ನೊಂದು ಕಡೆ ಏಳುತ್ತಿತ್ತು. ತನ್ನ ಕಾಲಿನ ಬಗ್ಗೆಯೇ ಕೇಳುತ್ತಿದ್ದಾಳೆ ಅಂದುಕೊಂಡು ಕೆಳಗೆ ನೋಡಿಕೊಂಡಳು. ಮಾರ್ಚ್ ತಿಂಗಳ ಕೊಚ್ಚೆ ಹಿಮ ಬೂಟಿನಿಂದ ಕರಗಿ, ಲೋರೇನ್ ಆಗಷ್ಟೇ ಒರೆಸಿದ ನೆಲದ ಮೇಲೆ ಸಣ್ಣ ಮಡುವಾಗಿತ್ತು. ಕ್ಷಮಿಸಿ ಅನ್ನಲು ಬಾಯಿ ತೆರೆದಳು. ಆದರೆ ಲೋರೇನ್ ತೋರಿಸಿದ್ದು ನೆಲವನ್ನಲ್ಲ, ತನ್ನ ಫೋನನ್ನು.

“ನಿಮ್ಮ ಸ್ಟುಡಿಯೋ ಪೇಜು ಹೊಸದಾಗಿ ಮಾಡಿದೀರಲ್ಲ, ವೇಡ್ ನಿನ್ನೆ ಸಂಜೆ ಕಳಿಸಿದ. ಆಗ ಎಷ್ಟು ಸಣ್ಣಗಿದ್ದ ನೋಡು ಅವನು! ಆದ್ರೆ ಪಕ್ಕದಲ್ಲಿ ಯಾರೋ ಬೂಟು ಬಿಟ್ಟು ಹೋಗಿದಾರೆ. ನೀನು ಆಗಿನ್ನೂ ಸೇರಿರ್ಲಿಲ್ವಾ?”

ಸಣ್ಣ ಪರದೆಯ ತುಂಬ ನೀಲಿ. ಅದು ಸಿಗ್ನಿಯದೇ ನೀಲಿ. ನವೆಂಬರಿನಲ್ಲಿ ಗಾಳಿ ನಿಂತ ಮಧ್ಯಾಹ್ನ ಸರೋವರ ಅಲುಗಾಡದೆ ಬಿದ್ದಿರುತ್ತದಲ್ಲ, ಆ ಬಣ್ಣವನ್ನು ಹಿಡಿಯಲು ಅವಳು ಒಂದು ಇಡೀ ಚಳಿಗಾಲ ಒದ್ದಾಡಿದ್ದಳು. ನೀಲಿಯ ಒಂದು ಬದಿಗೆ ಸ್ಟುಡಿಯೋದ ಪಾಲುದಾರ ವೇಡ್ ಪೆಲ್ಟಿಯರ್, ತನ್ನಪ್ಪನ ಕರಿ ಉಣ್ಣೆ ಕೋಟಿನಲ್ಲಿ, ಕರಿ ಗಡ್ಡದೊಳಗೆ ನಗುತ್ತ ನಿಂತಿದ್ದ. ಅವನ ಒಂದು ಕೈ ಪಕ್ಕಕ್ಕೆ ಚಾಚಿಕೊಂಡು ಗಾಳಿಯಲ್ಲಿ ಯಾವುದರದೋ ಮೇಲೆ ಊರಿಕೊಂಡ ಹಾಗಿತ್ತು. ಆ ಕೈಯ ಕೆಳಗೆ, ಚಿತ್ರದ ತಳದಲ್ಲಿ, ಒಂದು ಜೊತೆ ಕಪ್ಪು ರಬ್ಬರ್ ಬೂಟು. ಒಂದರ ಮೂತಿ ಸ್ವಲ್ಪ ಒಳಕ್ಕೆ ತಿರುಗಿತ್ತು. ಬೂಟಿನ ಮೇಲೆ ಕಾಲಿರಲಿಲ್ಲ, ಕಾಲಿನ ಮೇಲೆ ಇರಬೇಕಾದ ಯಾವುದೂ ಇರಲಿಲ್ಲ, ಬರೀ ನೀಲಿ.

“ಕೈ ಚಾಚಿ ಏನೋ ತೋರಿಸ್ತಾ ಇದಾನೆ,” ಅಂದಳು ಲೋರೇನ್. “ಸರೋವರ ಇರ್ಬೇಕು.”

“ಫೋಟೋ ತೆಗೆದಿದ್ದು ನಾನು, ಲೋರೇನ್,” ಎಂದಳು ಸಿಗ್ನಿ. “ಅದಕ್ಕೇ ಅದರಲ್ಲಿ ನಾನಿಲ್ಲ.”

“ಓ, ಹಾಗನ್ನು! ಮತ್ತೆ ಬೂಟು?”

“ಯಾರದ್ದೋ.”

ಮಾಳಿಗೆಯ ಸ್ಟುಡಿಯೋಗೆ ಮೆಟ್ಟಿಲು ಹತ್ತುವಾಗ ಮೊದಲು ಅವಳಿಗೆ ಬಂದದ್ದು ವೇಡ್ ಮೇಲಿನ ಸಿಟ್ಟಲ್ಲ, ತನ್ನ ನಾಲಿಗೆಯ ಮೇಲಿನ ಹೇಸಿಗೆ. ಯಾಕೆ ಹಾಗಂದೆ? ಒಂದು ಚಿತ್ರದಲ್ಲಿ ನೀನಿಲ್ಲ ಅಂತ ಯಾರಾದರೂ ಎದುರಿಗೇ ಹೇಳಿದರೆ ಮರ್ಯಾದೆ ಉಳಿಸಿಕೊಳ್ಳಲು ಒಂದೇ ಜಾಗ, ಕ್ಯಾಮೆರಾದ ಹಿಂದುಗಡೆ. ಅವಳು ಓಡಿಹೋಗಿ ಅಲ್ಲಿ ನಿಂತುಬಿಟ್ಟಿದ್ದಳು. ಅದು ಅವಳ ಹಳೆಯ ಚಾಳಿ. ಶಾಲೆಯಲ್ಲಿ ತನ್ನನ್ನು ಯಾವ ತಂಡಕ್ಕೂ ಆರಿಸಿಕೊಳ್ಳದಿದ್ದಾಗ ಕಾಲು ಉಳುಕಿದೆ ಅಂತ ಕುಂಟಿಕೊಂಡು ಬೆಂಚಿಗೆ ಹೋಗಿ ಕೂತವಳು. ಅಂದು ಮನೆಗೆ ಬರುವವರೆಗೂ ಕುಂಟಿದ್ದಳು, ತಂಗಿ ಬ್ರಿಟಾ ಪಕ್ಕದಲ್ಲೇ ನಡೆಯುತ್ತ, “ಈಗ ಯಾರೂ ನೋಡ್ತಾ ಇಲ್ಲ, ಸರಿಯಾಗಿ ನಡಿ” ಎಂದಿದ್ದಳು. ಪೇಜಿನ ಆ ಫೋಟೋ ನಿಜಕ್ಕೂ ತೆಗೆದದ್ದು ಬ್ರಿಟಾ. ಮೆಟ್ಟಿಲಿನ ತಿರುವಿನಲ್ಲಿ ಅದು ನೆನಪಾಗಿ ಸಿಗ್ನಿ ಕಂಬಿ ಹಿಡಿದು ನಿಂತಳು, ಕಾಫಿ ಮುಚ್ಚಳದ ಸಂದಿಯಿಂದ ಹರಿದು ಕೈ ಸುಟ್ಟಿತು. ಫೋಟೋದ ದಿನ ಬ್ರಿಟಾ ಸೇತುವೆಯಾಚೆಯಿಂದ ಕಾಡು ಅಕ್ಕಿಯ ಸೂಪಿನ ಪಾತ್ರೆ ಹೊತ್ತು ತಂದಿದ್ದಳು. ಬಾಡಿಗೆಗೆ ಹಿಡಿದ ಈ ಹಗ್ಗದ ಗೋದಾಮಿನ ಮಾಳಿಗೆಗೆ ಸಿಗ್ನಿ, ವೇಡ್ ಇಬ್ಬರೂ ಸುಣ್ಣದಂಥ ಬಿಳಿ ಬಳಿಯುತ್ತಿದ್ದರು. ಬಳಿಯುತ್ತಿದ್ದವಳು ಸಿಗ್ನಿ, ವೇಡ್ ಚಳಿ ಅಂತ ಕೋಟು ಬಿಚ್ಚದೆ ಮೂಲೆಗಳ ಬಗ್ಗೆ ಸಲಹೆ ಕೊಡುತ್ತಿದ್ದ. “ಇಬ್ರೂ ನಿಂತ್ಕೊಳಿ, ಸೂಪು ಬಿಸಿಯಾಗೋ ತನಕ ಒಂದು ಫೋಟೋ” ಅಂದಿದ್ದಳು ಬ್ರಿಟಾ.

ವೇಡ್ ಇನ್ನೂ ಬಂದಿರಲಿಲ್ಲ. ಮಿನಿಯಾಪೊಲಿಸ್‌ನವರ ಜೊತೆ ಬೆಳಗಿನ ತಿಂಡಿ ಅಂತ ಹೋಗಿದ್ದ. ಅವರು ದೊಡ್ಡ ಕಂಪನಿಯವರು, ವೆಬ್ ಪುಟ ಮಾಡಿಕೊಡುವ ಈ ಸ್ಟುಡಿಯೋವನ್ನು ತಮ್ಮೊಳಗೆ ಸೇರಿಸಿಕೊಳ್ಳುವವರು. ನಾಳೆ ಬಂದು ಸಹಿ ಹಾಕುತ್ತಾರೆ. “ಏನೂ ಬದಲಾಗಲ್ಲ ಸಿಗ್, ನಿನ್ನ ಕುರ್ಚಿ, ನಿನ್ನ ಕಿಟಕಿ, ನಿನ್ನ ಕೆಲಸ ಎಲ್ಲಾ ಹಾಗೇ ಇರತ್ತೆ” ಎಂದು ವೇಡ್ ಹೇಳುತ್ತ ಬಂದಿದ್ದ, ಅವಳೂ ಕುರ್ಚಿ ಮತ್ತು ಕಿಟಕಿಯಾಚೆ ಏನನ್ನೂ ಕೇಳಿರಲಿಲ್ಲ. ಹೆಸರಿನ ಮಾತು ಇಬ್ಬರ ನಡುವೆ ಬಂದೇ ಇರಲಿಲ್ಲ. ಇಬ್ಬರು ಸೇರಿ ಕಟ್ಟಿದ್ದಕ್ಕೆ ಇಬ್ಬರ ಹೆಸರು ಅಂತ ಅವಳು ತಿಳಿದುಕೊಂಡಿದ್ದಳು, ಅಷ್ಟು ಸರಳವಾದದ್ದನ್ನು ಬಾಯಿಬಿಟ್ಟು ಕೇಳುವುದು ಅವಳಿಗೆ ಜಿಪುಣತನದ ಹಾಗೆ ಕಂಡಿತ್ತು. ಈಗ ದೊಡ್ಡ ಪರದೆಯಲ್ಲಿ ಪೇಜನ್ನು ತೆರೆದು ಫೋಟೋದ ಕೆಳಗಿನ ಸಾಲು ಓದಿದಳು. ‘ಒಬ್ಬ ಮನುಷ್ಯ, ಒಂದು ಖಾಲಿ ಮಾಳಿಗೆ, ಒಂದು ಕನಸು.’ ಎರಡು ಸಲ ಓದಿದಳು. ಕನಸಂತೆ. ಅವನಿಗೆ ಕನಸು ಬೀಳುವಷ್ಟು ಹೊತ್ತು ಅವಳು ಏಣಿಯ ಮೇಲಿದ್ದಳು.

ದೊಡ್ಡ ಪರದೆಯಲ್ಲಿ ಬೂಟು ಕಾಣುತ್ತಿರಲಿಲ್ಲ. ಪರದೆ ಅಗಲವಾದಷ್ಟೂ ಚಿತ್ರದ ಮೇಲೂ ಕೆಳಗೂ ಕತ್ತರಿಸಿಹೋಗುತ್ತದೆ, ಫೋನಿನ ಉದ್ದ ಪರದೆಯಲ್ಲಿ ತಳದವರೆಗೂ ಉಳಿಯುತ್ತದೆ. ವೇಡ್ ಯಾವತ್ತೂ ತನ್ನ ಅಗಲ ಪರದೆಯಲ್ಲಷ್ಟೇ ನೋಡಿ ಮುಗೀತು ಅನ್ನುವವನು. ಫೋನಿನಲ್ಲಿ ನೋಡಿ ಸರಿಪಡಿಸುವುದು ಅವಳ ಕೆಲಸವಾಗಿತ್ತು. ಈ ಸಲ ಅವಳಿಗೆ ಹೇಳಿರಲಿಲ್ಲ, ಹಾಗಾಗಿ ಬೂಟು ಉಳಿದುಕೊಂಡಿತ್ತು. ಅದನ್ನು ಕಂಡು ಅವಳಿಗೆ ಒಂದು ಕ್ಷಣ ವೃತ್ತಿಯ ಹೆಮ್ಮೆಯೇ ಬಂತು, ನಾನಿಲ್ಲದಿದ್ದರೆ ಹೀಗೇ ಅಂತ. ಆಮೇಲೆ ನಾಚಿಕೆಯಾಯಿತು.

ಪುಟದ ಒಳಗನ್ನು ಬಿಚ್ಚಿ ತೋರಿಸುವ ಪಟ್ಟಿಯನ್ನು ಬ್ರೌಸರಿನಲ್ಲಿ ತೆರೆದಳು. ಚಿತ್ರದ ಹಿಂದೆ ಇದ್ದದ್ದು ಅವಳೇ ಬರೆದ ಮೂರು ಸಾಲು. ಮೊದಲನೆಯದು ಚಿತ್ರ ಯಾವುದು ಅಂತ, ಎರಡನೆಯದು ನೀಲಿ, ಮೂರನೆಯದು ಎರಡನ್ನೂ ಹೇಗೆ ಬೆರೆಸಬೇಕು ಅಂತ, ಮಲ್ಟಿಪ್ಲೈ. ಗಿರಾಕಿಗಳು ಮದುವೆ ಫೋಟೋ, ಹಡಗಿನ ಫೋಟೋ, ನಾಯಿಯ ಫೋಟೋ ಹೀಗೆ ಸಿಕ್ಕಿದ್ದನ್ನೆಲ್ಲ ತಂದು ಸುರಿಯುತ್ತಿದ್ದ ಕಾಲದಲ್ಲಿ, ಎಲ್ಲವೂ ಒಂದೇ ಮನೆಯವು ಅನ್ನಿಸಲಿ ಎಂದು ಅವಳು ಇದನ್ನು ಹುಡುಕಿಕೊಂಡಿದ್ದಳು. ಬಣ್ಣವನ್ನು ಹಾಸಿ, ಮೇಲೆ ಚಿತ್ರ ಇಟ್ಟು, ಚುಕ್ಕಿ ಚುಕ್ಕಿಯನ್ನೂ ಗುಣಿಸುವುದು. ಕಪ್ಪು ಎಲ್ಲಿದೆಯೋ ಅಲ್ಲಿ ಕಪ್ಪೇ ಉಳಿಯುತ್ತದೆ, ಏನು ಮಾಡಿದರೂ ಅಲ್ಲಾಡುವುದಿಲ್ಲ. ಬಿಳಿ ಮಾತ್ರ ಪೂರ್ತಿ ಜಾಗ ಬಿಟ್ಟುಕೊಡುತ್ತದೆ, ಅಲ್ಲಿ ತಳದ ಬಣ್ಣ ಎದ್ದು ಬರುತ್ತದೆ. ಅಂದು ಸಿಗ್ನಿ ಬಣ್ಣ ಬಳಿಯುವವರ ಬಿಳಿ ನಿಲುವಂಗಿ ತೊಟ್ಟಿದ್ದಳು. ಬೆನ್ನ ಹಿಂದೆ ಆಗಷ್ಟೇ ಬಳಿದ ಬಿಳಿ ಗೋಡೆ. ಕೂದಲು ಅಮ್ಮನಿಂದ ಬಂದ ಬಿಳಿ ಹಳದಿ. ಕಿಟಕಿಯ ಹೊರಗಿನ ಹಿಮದ ಬೆಳಕು ಅವಳ ಮುಖವನ್ನು ತೊಳೆದಿಟ್ಟಿತ್ತು. ಅಂಥ ಒಂದು ಚಿತ್ರವನ್ನು ಈ ಸಾಲುಗಳ ಮೇಲೆ ಇಟ್ಟರೆ ಏನಾಗುತ್ತದೆ ಎಂದು ಕಣ್ಣು ಮುಚ್ಚಿಕೊಂಡು ಹೇಳಬಲ್ಲ ವ್ಯಕ್ತಿ ಈ ಊರಿನಲ್ಲಿ ಅವಳೊಬ್ಬಳೇ. ಹಾಗೆಂದು ಅವಳು ನಂಬಿದ್ದಳು.

ಮೂರನೆಯ ಸಾಲಿನ ಪಕ್ಕದ ಗುರುತು ತೆಗೆದಳು. ನೀಲಿ ಹಿಂದಕ್ಕೆ ಸರಿದು ಚಿತ್ರ ಇದ್ದ ಹಾಗೆ ಮುಂದೆ ಬಂತು. ಅವಳು ಅಲ್ಲಿದ್ದಳು. ವೇಡನ ಕೈ ಊರಿದ್ದು ಅವಳ ಹೆಗಲ ಮೇಲೆ. ಕುಂಚ ಹಿಡಿದ ಕೈ ಮೇಲಕ್ಕೆತ್ತಿ, ಬಾಯಿ ತೆರೆದು, ಹಲ್ಲೆಲ್ಲ ಕಾಣುವ ಹಾಗೆ ನಗುತ್ತಿದ್ದಳು. ತಾನು ಆ ಥರ ನಕ್ಕದ್ದು ಅವಳಿಗೆ ಮರೆತೇಹೋಗಿತ್ತು. ಅಳು ಬಂತು, ಆದರೆ ಅದರ ಜೊತೆಗೇ ಒಂದು ನೆಮ್ಮದಿಯೂ ಬಂತು, ಎಲ್ಲ ಸರಿಹೋಯಿತು ಅನ್ನುವಂಥದು. ಫೋನ್ ಎತ್ತಿ ಬ್ರಿಟಾಗೆ ಮಾಡಿದಳು.

“ಬ್ರಿಟಾ, ನಮ್ಮ ಪೇಜು ತೆಗಿ. ಈಗ್ಲೇ.”

“ಬಸ್ಸಲ್ಲಿ ಮಕ್ಕಳಿಲ್ಲ ಸದ್ಯ, ಪುಣ್ಯ. ಇರು.” ಬ್ರಿಟಾ ಶಾಲೆಯ ಬಸ್ಸು ಓಡಿಸುತ್ತಿದ್ದಳು, ಬೆಳಗಿನ ಸರದಿ ಮುಗಿಸಿ ಡಿಪೋದಲ್ಲಿ ಬಸ್ಸಿನೊಳಗೇ ಕೂತು ಸ್ಯಾಂಡ್‌ವಿಚ್ ತಿನ್ನುವುದು ಅವಳ ರೂಢಿ. “ಹ್ಞಾ, ಬಂತು. ವೇಡ್.”

“ಮತ್ತೆ?”

“ಮತ್ತೆ ವೇಡ್. ನೀಲಿ. ಒಂದು ಜೊತೆ ಬೂಟು. ಅಯ್ಯೋ ಸಿಗ್ಗಿ, ಇದು ಅಮ್ಮನ ಬೂಟು ಕಣೇ! ಮೀನಿನ ಶೆಡ್ಡಿಗೆ ಹಾಕ್ಕೊಂಡು ಹೋಗ್ತಿದ್ದದ್ದು. ನೀನೆಲ್ಲಿ?”

“ಅವನ ಪಕ್ಕದಲ್ಲೇ ಇದೀನಲ್ಲೇ, ಸರಿಯಾಗಿ ನೋಡು.”

“ಕಣ್ಣು ಚೆನ್ನಾಗೇ ಇದೆ ನಂಗೆ, ಲೈಸೆನ್ಸ್ ಕೊಟ್ಟಿದಾರೆ. ಇಲ್ಲಿ ಯಾರೂ ಇಲ್ಲ.”

“ನಗ್ತಾ ಇದೀನಿ. ಕುಂಚ ಇದೆ ಕೈಲಿ.”

“ಸಿಗ್ಗಿ,” ಎಂದಳು ಬ್ರಿಟಾ, ಮಕ್ಕಳ ಹತ್ತಿರ ಮಾತಾಡುವ ದನಿಯಲ್ಲಿ. “ನೀನು ಹುಷಾರಾಗಿದೀಯಾ?”

ಆಗ ಅವಳಿಗೆ ಹೊಳೆಯಿತು. ಈ ಕೆಲಸಕ್ಕೆ ಸೇರಿದ ಮೊದಲ ವಾರ ಎಲ್ಲರೂ ಮಾಡುವ ಪೆದ್ದುತನ ಅದು. ಬ್ರೌಸರಿನ ಆ ಪಟ್ಟಿಯಲ್ಲಿ ಏನೇ ಬದಲಾಯಿಸಿದರೂ ಬದಲಾಗುವುದು ನಿನ್ನ ಪರದೆ ಮಾತ್ರ, ಲೋಕಕ್ಕೆ ಅದು ತಲುಪುವುದಿಲ್ಲ. ಹೊಸಬರು ಸರಿಮಾಡಿಬಿಟ್ಟೆ ಅಂತ ಕುಣಿದು, ರಿಫ್ರೆಶ್ ಒತ್ತಿದ ಕೂಡಲೇ ಹಳೆಯದೇ ಬಂದು ಮುಖ ಬಾಡಿಸಿಕೊಳ್ಳುವುದನ್ನು ಅವಳು ಎಷ್ಟೋ ಸಲ ನೋಡಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಿದ್ದಳು. “ಆಮೇಲೆ ಮಾಡ್ತೀನಿ” ಎಂದು ಫೋನಿಟ್ಟಳು. ಎದುರಿನ ಪರದೆಯಲ್ಲಿ ಅವಳು ಇನ್ನೂ ನಗುತ್ತಲೇ ಇದ್ದಳು. ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದೆ, ಆ ಒಂದು ಮೇಜಿನ ಮೇಲೆ ಮಾತ್ರ.

ಕಾಲುವೆಯ ಸೇತುವೆ ಮೇಲೇಳುವ ಗಂಟೆ ಹೊಡೆಯಿತು. ಚಳಿಗಾಲದ ನಂತರದ ಮೊದಲ ಹಡಗು ಇವತ್ತೋ ನಾಳೆಯೋ ಅಂತ ಊರೆಲ್ಲ ಕಾಯುತ್ತಿತ್ತು, ಸುಮ್ಮನೆ ಪರೀಕ್ಷೆಗೆ ಎತ್ತಿಳಿಸುತ್ತಿದ್ದರು. ಅವಳು ಕಿಟಕಿಯತ್ತ ನೋಡಲಿಲ್ಲ. ಕೈ ತನ್ನಷ್ಟಕ್ಕೆ ಗುರುತನ್ನು ಮತ್ತೆ ಹಾಕಿ, ಮಲ್ಟಿಪ್ಲೈ ಎಂದಿದ್ದಲ್ಲಿ ಸ್ಕ್ರೀನ್ ಎಂದು ಬರೆಯಿತು. ಅದೂ ಬೆರೆಸುವ ಒಂದು ಬಗೆ, ಮೊದಲಿನದಕ್ಕೆ ಪೂರ್ತಿ ವಿರುದ್ಧ, ಅಲ್ಲಿ ಜಾಗ ಬಿಡಬೇಕಾದದ್ದು ಕಪ್ಪು. ಆಮೇಲೆ ನೀಲಿಯನ್ನೂ ತೆಗೆದು ಹಿಮದ ಬಿಳಿ ಹಾಕಿತು. ವೇಡನ ಅಪ್ಪನ ಕೋಟು ಹೋಯಿತು. ಗಡ್ಡ, ಹುಬ್ಬು, ನಗು ಎಲ್ಲ ಹೋದವು. ಅವಳೂ ಹೋದಳು, ಅದು ಅವಳಿಗೆ ಅಭ್ಯಾಸವಾಗಿತ್ತು. ಪರದೆಯ ತುಂಬ ಬರೀ ಬಿಳಿ ಹರಡಿಕೊಂಡಿತು, ಅದನ್ನು ನೋಡುತ್ತ ಅವಳಿಗೆ ಹೊಟ್ಟೆ ತಣ್ಣಗಾಯಿತು. ಕೆಟ್ಟ ಸುಖ ಅದು, ಸುಳ್ಳೇಕೆ.

“ಏಯ್! ನನ್ನನ್ನ ಎಲ್ಲಿ ಹಾಕ್ದೆ?”

ವೇಡ್ ಬೆನ್ನ ಹಿಂದೆ ನಿಂತಿದ್ದ. ಬಾಗಿಲು ತೆರೆದದ್ದು ಅವಳಿಗೆ ಕೇಳಿಸಿರಲಿಲ್ಲ. ಕೋಟಿನ ಗುಂಡಿಯನ್ನೂ ಬಿಚ್ಚಿರಲಿಲ್ಲ, ಕೈಯಲ್ಲಿ ಲೋರೇನ್ ಕೊಟ್ಟ ದಾಲ್ಚಿನ್ನಿ ರೋಲಿನ ಪೊಟ್ಟಣ ಇತ್ತು. ಪರದೆಯ ಮೇಲೆ ಅವನ ಕಣ್ಣು ಬಿದ್ದು ಒಂದು ಉಸಿರಿನಷ್ಟೂ ಹೊತ್ತಾಗಿರಲಿಲ್ಲ.

“ನೋಡಿದ ತಕ್ಷಣ ಗೊತ್ತಾಯ್ತಾ?” ಎಂದಳು ಸಿಗ್ನಿ, ತಿರುಗದೆ.

“ಏನು?”

“ನೀನಿಲ್ಲ ಅಂತ.”

ವೇಡ್ ನಕ್ಕ. ಆಮೇಲೆ ನಗುವುದನ್ನು ನಿಲ್ಲಿಸಿ, ಪೊಟ್ಟಣವನ್ನು ಅವಳ ಮೇಜಿನ ಮೇಲಿಟ್ಟು, ಅದರ ಮಡಿಕೆಗಳನ್ನು ಬೆರಳಿನಿಂದ ತೀಡತೊಡಗಿದ. ಅವನಿಗೆ ಕಷ್ಟದ ಮಾತು ಬಂದಾಗಲೆಲ್ಲ ಕೈಗೆ ಏನಾದರೂ ಬೇಕು. ಅದು ಅವಳಿಗೆ ಗೊತ್ತು, ಅವನ ಹೆಂಡತಿ ಬಿಟ್ಟುಹೋದ ಚಳಿಗಾಲದಲ್ಲಿ ಇದೇ ಮೇಜಿಗೆ ಬಂದು ಕೂತು ಪೆನ್ನಿನ ಮುಚ್ಚಳಗಳನ್ನೆಲ್ಲ ಮುರಿದಿದ್ದ, ಅವಳು ಅಲ್ಲಿಂದೀಚೆ ಮುಚ್ಚಳವಿಲ್ಲದ ಪೆನ್ನುಗಳನ್ನೇ ಇಟ್ಟುಕೊಂಡಿದ್ದಳು.

“ಸಿಗ್, ಅದು ನಿನ್ನದೇ ಸ್ಟೈಲು. ನಾನು ಮಾಡಿದ್ದು ಏನು, ಹಳೇ ಫೋಟೋ ಒಂದು ಹಾಕಿದೆ. ನೀನೇ ಬರೆದ ಸಾಲು ಅದನ್ನ ಹಂಗೆ ಮಾಡ್ತು. ನಾನು ಗಮನಿಸ್ಲೇ ಇಲ್ಲ, ದೇವರಾಣೆ.”

ಗಮನಿಸಲಿಲ್ಲ. ಆ ಮಾತನ್ನು ಅವಳು ನಂಬಲು ಸಿದ್ಧಳಾಗಿದ್ದಳು. ಯಾರಾದರೂ ಇನ್ನೊಂದು ಸಲ ಮೆತ್ತಗೆ ಹೇಳಿದ್ದರೆ ನಂಬಿಯೇಬಿಡುತ್ತಿದ್ದಳು. ತನ್ನ ಸಾಲು, ತನ್ನ ನೀಲಿ, ತನ್ನ ಬಿಳಿ ನಿಲುವಂಗಿ, ಇನ್ನು ದೂರುವುದು ಯಾರನ್ನು? ಆದರೆ ಪೊಟ್ಟಣ ತೀಡುತ್ತಿದ್ದ ಆ ಬೆರಳುಗಳು ಹಿಂದೊಮ್ಮೆ ಹೀಗೆಯೇ ಏನನ್ನೋ ತೀಡುತ್ತಿದ್ದವು. ಎಲ್ಲಿ? ಸರೋವರದ ಮಂಜುಗಡ್ಡೆಯ ಮೇಲೆ. ಹೋದ ತಿಂಗಳು, ಫೆಬ್ರವರಿಯಲ್ಲಿ, ಅವನ ಮೀನು ಹಿಡಿಯುವ ಗುಡಿಸಲಿನಲ್ಲಿ, ಕೊರೆದ ತೂತಿನ ಸುತ್ತ ಇಬ್ಬರೂ ಬಕೆಟ್ ಬೋರಲು ಹಾಕಿಕೊಂಡು ಕೂತಿದ್ದಾಗ. ಒಂದೂ ಮೀನು ಕಚ್ಚಿರಲಿಲ್ಲ. ವೇಡ್ ಗಾಳದ ದಾರ ತೀಡುತ್ತ ಇದ್ದಕ್ಕಿದ್ದ ಹಾಗೆ ಕೇಳಿದ್ದ, “ಸಿಗ್, ನಿನ್ನ ಆ ನೀಲಿ ಬೆರೆಸೋದಿದೆಯಲ್ಲ, ಅದ್ರಲ್ಲಿ ಯಾವುದು ಮೊದ್ಲು ಹೋಗತ್ತೆ?” ಅವಳಿಗೆ ಎಷ್ಟು ಖುಷಿಯಾಗಿತ್ತೆಂದರೆ ಕೈಗವಸು ಕಿತ್ತು ತೊಡೆಯ ಮೇಲಿಟ್ಟುಕೊಂಡಿದ್ದಳು. ಇಷ್ಟು ವರ್ಷ ಅವಳ ಕೆಲಸವನ್ನು ಚೆನ್ನಾಗಿದೆ, ಚೆನ್ನಾಗಿದೆ ಎಂದು ದಾಟಿಹೋಗುತ್ತಿದ್ದವನು ಮೊದಲ ಸಲ ಅದರ ಒಳಕ್ಕೆ ಕೈ ಹಾಕಿ ಕೇಳಿದ್ದ. ಅವಳು ಗುಡಿಸಲಿನ ಬಾಗಿಲನ್ನು ಕಾಲಿನಿಂದ ತಳ್ಳಿ ಹೊರಗಿನ ಹಿಮವನ್ನು ತೋರಿಸಿದ್ದಳು. “ಬಿಳಿ. ಬಿಳಿಯೇ ಮೊದ್ಲು ಹೋಗೋದು. ನೀನು ಆ ಕೋಟು ಹಾಕ್ಕೊಂಡು ಅಲ್ಲಿ ನಿಂತ್ರೆ ನೀನೊಬ್ನೇ ಉಳೀತೀಯ, ಸುತ್ತ ಇರೋದೆಲ್ಲ ನೀಲಿಯಾಗಿಹೋಗತ್ತೆ.” ಚಳಿ ಒಳನುಗ್ಗಿತ್ತು. ವೇಡ್ ಎದ್ದು ಬಾಗಿಲು ಹಾಕಿ, ಅವಳ ಲೋಟಕ್ಕೆ ತನ್ನ ಫ್ಲಾಸ್ಕಿನಿಂದ ಸೇಬಿನ ಬಿಸಿ ಸೈಡರ್ ಬಗ್ಗಿಸಿದ್ದ. ಆ ಸಂಜೆ ಮನೆಗೆ ಹೋಗುವಾಗ ಅವಳು ಕಾರಿನಲ್ಲಿ ಒಬ್ಬಳೇ ಹಾಡು ಗುನುಗಿಕೊಂಡಿದ್ದಳು.

“ನನ್ನನ್ನೇ ಕೇಳಿ ಮಾಡ್ದೆ ನೀನು,” ಎಂದಳು. “ಮೀನು ಹಿಡಿಯೋಕೆ ಅಂತ ಕರ್ಕೊಂಡು ಹೋಗಿ, ನನ್ನ ಬಾಯಿಂದ್ಲೇ ಕೇಳ್ಕೊಂಡು ಬಂದೆ.”

ವೇಡ್ ತೀಡುವುದನ್ನು ನಿಲ್ಲಿಸಿದ. ಆ ಒಂದು ನಿಲುಗಡೆಯಲ್ಲಿ ಅವಳಿಗೆ ಬೇಕಾದ ಉತ್ತರವೆಲ್ಲ ಇತ್ತು. ದ್ರೋಹ ಅನ್ನುವುದು ದೊಡ್ಡ ಮಾತು, ಸಿನಿಮಾದವರ ಮಾತು ಅಂತ ಅವಳು ತಿಳಿದಿದ್ದಳು. ಅದು ಒಂದು ಲೋಟ ಬಿಸಿ ಸೈಡರಿನ ಗಾತ್ರದಲ್ಲಿ ಬರುತ್ತದೆ ಅಂತ ಗೊತ್ತಿರಲಿಲ್ಲ.

“ಅವ್ರಿಗೆ ಒಬ್ರು ಬೇಕು,” ಎಂದ ವೇಡ್, ಈಗ ನೆಲ ನೋಡುತ್ತ. “ಒಂದು ಮುಖ, ಒಂದು ಕತೆ. ಇಬ್ರು ಅಂದ್ರೆ ಪ್ರಶ್ನೆ ಬರತ್ತೆ, ಯಾರು ಏನು ಅಂತ. ನೀನು ಯಾವ ಮೀಟಿಂಗಿಗೆ ಬಂದಿದೀಯ ಹೇಳು? ಪ್ರತಿ ಸಲ ‘ನೀನ್ ಹೋಗ್ಬಾ ವೇಡ್’ ಅಂದೋಳು ನೀನು. ಹೋದೆ. ಹೋಗಿ ಹೋಗಿ ಅವ್ರಿಗೆ ನಾನೊಬ್ನೇ ಗೊತ್ತು. ನಾನೇನು ಮಾಡ್ಲಿ? ಫೋಟೋನೇ ಇಲ್ದೆ ಇರೋದಕ್ಕಿಂತ ಇದು ವಾಸಿ ಅನ್ನಿಸ್ತು. ನೀನು ಅದರಲ್ಲಿದೀಯ ಸಿಗ್. ಫೈಲಲ್ಲಿ ಇದೀಯ. ನಿನ್ನನ್ನ ಕತ್ತರಿಸಿಲ್ಲ ನಾನು.”

“ಎಲ್ಲರಿಗೂ ಕಾಣೋ ಹಾಗೆ ಹಾಕು. ಇವತ್ತೇ.”

“ನಾಳೆ ಸಹಿ ಆಗ್ಲಿ. ಆಮೇಲೆ ಏನು ಬೇಕೋ ಹಾಕೋಣ.”

“ಬ್ರಿಟಾ ನೋಡಿದ್ಲು. ಲೋರೇನ್ ನೋಡಿದ್ಲು. ನನ್ನ ಬೂಟು ಕಾಣತ್ತೆ ವೇಡ್. ಅಮ್ಮನ ಬೂಟು. ನಾನಿಲ್ದೆ ಬರೀ ಬೂಟು ನಿಂತಿದೆ ಅಲ್ಲಿ!”

“ಬೂಟಾ?” ಅವನು ಜೇಬಿನಿಂದ ಫೋನ್ ತೆಗೆದು ಪೇಜು ತೆರೆದ. ನೋಡಿದ. ಅವನ ಹಣೆಯಲ್ಲಿ ನಿಜವಾದ ಗಾಬರಿಯ ಗೆರೆ ಮೂಡಿದ್ದು ಆಗ. “ಅಯ್ಯೋ, ಹೌದಲ್ಲ. ನಾನು ಫೋನಲ್ಲಿ ನೋಡ್ಲೇ ಇಲ್ಲ. ಥ್ಯಾಂಕ್ಸ್ ಸಿಗ್.” ತನ್ನ ಮೇಜಿಗೆ ಹೋಗಿ, ಕೋಟಿನಲ್ಲೇ ಕೂತು, ಏನೋ ಒತ್ತತೊಡಗಿದ. ಅವಳ ದೂರು ಅವನಿಗೆ ತಲುಪಿದ್ದು ಹಾಗೆ, ಒಂದು ತಪ್ಪು ತೋರಿಸಿಕೊಟ್ಟ ಹಾಗೆ. ಇಷ್ಟು ವರ್ಷವೂ ಅವಳು ಫೋನಿನಲ್ಲಿ ನೋಡಿ ತಪ್ಪು ಹೇಳುತ್ತಿದ್ದಳು, ಅವನು ಥ್ಯಾಂಕ್ಸ್ ಹೇಳಿ ಸರಿಮಾಡುತ್ತಿದ್ದ. ಚಿತ್ರವನ್ನು ಮೊಣಕಾಲಿನ ಮೇಲಕ್ಕೆ ಕತ್ತರಿಸಿದ. ಈಗ ಕತ್ತರಿಸಿದ್ದ.

ತಡೆಯಬಹುದಿತ್ತು. ಅವಳ ಬೆರಳ ಕೆಳಗೇ ಎಲ್ಲ ಇತ್ತು. ಆ ಮೂರನೆಯ ಸಾಲನ್ನು ತನ್ನ ಪರದೆಯಲ್ಲಲ್ಲ, ನಿಜವಾಗಿಯೇ ಅಳಿಸಿ ಕಳಿಸಿಬಿಡಲು ಅವಳಿಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ನಾಳೆ ಮಿನಿಯಾಪೊಲಿಸ್‌ನವರು ಬಂದಾಗ ಇಬ್ಬರು ನಿಂತಿರುತ್ತಾರೆ, ಕೇಳುವ ಪ್ರಶ್ನೆ ಕೇಳಲಿ, ಸಹಿ ನಿಂತರೆ ನಿಲ್ಲಲಿ. ಕೈ ಮುಂದೆ ಹೋಯಿತು ಕೂಡ. ಆಗ ವೇಡ್ ತನ್ನ ಪರದೆಯಿಂದ ತಲೆಯೆತ್ತಿ, ಹಗುರಾದ ದನಿಯಲ್ಲಿ, ರಾಜಿಯಾಯಿತು ಅನ್ನುವ ಹಾಗೆ ಮಾತಾಡಿದ.

“ಅಂದ ಹಾಗೆ, ಲೋರೇನ್ ಹೇಳಿದ್ಲು. ಫೋಟೋ ನೀನೇ ತೆಗೆದಿದ್ದು ಅಂದ್ಯಂತೆ. ನಂಗೆ ಮರೆತೇಹೋಗಿತ್ತು ನೋಡು, ಟೈಮರ್ ಹಾಕಿದ್ದಾ? ನಿನ್ನ ಹೆಸರು ಹಾಕ್ತೀನಿ ಕೆಳಗೆ. ಅದು ಅವರೂ ಬೇಡ ಅನ್ನಲ್ಲ.”

ಅವಳ ಕೈ ನಿಂತಿತು. ಅಲ್ಲ, ಬ್ರಿಟಾ ತೆಗೆದಿದ್ದು ಅನ್ನಬೇಕಿತ್ತು. ಅಷ್ಟೇ ಮಾತು. ಆದರೆ ಹಾಗೆಂದರೆ ಲೋರೇನಳ ಹತ್ತಿರ ಯಾಕೆ ಸುಳ್ಳು ಹೇಳಿದೆ ಅಂತ ಬರುತ್ತದೆ. ನಾಳೆ ಬೆಳಿಗ್ಗೆ ಆ ಕೌಂಟರಿನ ಮುಂದೆ ಮುಚ್ಚಳ ಒತ್ತುತ್ತ ನಿಲ್ಲುವುದು ಹೇಗೆ? ಪಾಪ ಮರೀ, ಅಂತ ಲೋರೇನ್ ಕನಿಕರದಿಂದ ನೋಡುವುದನ್ನು, ರೋಲಿನ ದುಡ್ಡು ಬೇಡ ಎನ್ನುವುದನ್ನು ಅವಳು ಈಗಲೇ ಕಂಡಳು. ಮೈ ಹಿಡಿಯಾಯಿತು. ತನ್ನ ಪಾಲನ್ನು, ತನ್ನ ನೀಲಿಯನ್ನು, ಇಷ್ಟು ವರ್ಷಗಳ ಬಾಳನ್ನು ಕಿತ್ತುಕೊಂಡವನ ಎದುರು ಅವಳು ಯೋಚಿಸುತ್ತಿದ್ದದ್ದು ಕಾಫಿ ಅಂಗಡಿಯವಳು ಏನಂದುಕೊಳ್ಳುತ್ತಾಳೆ ಅಂತ. ಇದಕ್ಕಿಂತ ನಾಚಿಕೆಗೇಡು ಇನ್ನೇನಿದೆ ಎಂದು ಅವಳಿಗೇ ಅನ್ನಿಸಿತು, ಆದರೂ ಬಾಯಿ ತೆರೆಯಲಿಲ್ಲ. ತೆರೆಯದಿದ್ದ ಬಾಯನ್ನು ವೇಡ್ ಒಪ್ಪಿಗೆ ಎಂದುಕೊಂಡ. ಎಂದುಕೊಳ್ಳದೆ ಇನ್ನೇನು.

“ಹಾಕಿದೆ,” ಎಂದ. “ರೋಲು ತಿನ್ನು, ಆರಿಹೋಗತ್ತೆ.”

ಅವನು ಒಳಗಿನ ಕೋಣೆಗೆ ಹೋಗಿ ಯಾರ ಜೊತೆಗೋ ಫೋನಿನಲ್ಲಿ ಜೋರಾಗಿ ನಗುತ್ತ ಮಾತಾಡತೊಡಗಿದ. ಸಿಗ್ನಿ ಬಿಳಿ ಪರದೆಯ ಮುಂದೆ ಕೂತಿದ್ದಳು. ಎದುರಿನ ಗೋಡೆ ಅಂದು ಅವಳು ಬಳಿದದ್ದೇ, ಈಗ ಹೊಗೆ ಹಿಡಿದ ಹಾಗೆ ಹಳದಿಗಟ್ಟಿತ್ತು, ಕಿಟಕಿಯ ಮೇಲಿನ ಮೂಲೆಯಲ್ಲಿ ಕುಂಚ ಮುಟ್ಟದೆ ಉಳಿದ ಒಂದು ಅಂಗೈಯಗಲದ ಇಟ್ಟಿಗೆ ಕಾಣುತ್ತಿತ್ತು. ಅಂದು ಏಣಿಯ ಮೇಲಿಂದ ಅವಳು ಅದನ್ನು ವೇಡನಿಗೆ ಬಿಟ್ಟಿದ್ದಳು. ‘ಒಂದಾದ್ರೂ ನೀನು ಬಳಿ’ ಅಂತ. ಬಾಗಿಲ ಬಳಿ ಅವಳ ಬೂಟು ಹಿಮ ಕರಗಿಸಿಕೊಳ್ಳುತ್ತ ನಿಂತಿತ್ತು, ಒಂದರ ಮೂತಿ ಒಳಕ್ಕೆ ತಿರುಗಿಸಿಕೊಂಡು. ಅಮ್ಮ ಹಾಗೇ ಬಿಡುತ್ತಿದ್ದಳು, ಅವಳೂ ಹಾಗೇ. ರಿಫ್ರೆಶ್ ಒತ್ತಿದಳು. ನೀಲಿ ಬಂತು, ವೇಡ್ ಬಂದ, ಅವನ ಕೈ ಬಂತು. ಫೋನನ್ನೂ ತೆಗೆದು ನೋಡಿದಳು. ತಳ ಈಗ ಶುದ್ಧವಾಗಿತ್ತು. ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ‘ಫೋಟೋ: ಸಿಗ್ನಿ ಹಾಗ್ಲುಂಡ್’ ಎಂದಿತ್ತು. ಚೆನ್ನಾಗಿಯೇ ಕಾಣುತ್ತಿತ್ತು. ಅಕ್ಷರ ಬಿಳಿ. ಅಕ್ಷರಗಳನ್ನು ಚಿತ್ರದ ಜೊತೆ ಬೆರೆಸುವುದಿಲ್ಲ, ಆದ್ದರಿಂದ ಬಿಳಿ ಅಲ್ಲಿ ಉಳಿಯುತ್ತದೆ.

ಕೈಯಲ್ಲಿದ್ದ ಹಾಗೆಯೇ ಫೋನ್ ಅದುರಿತು. ಬ್ರಿಟಾ.

“ಮತ್ತೆ ನೋಡಿದೆ ಕಣೇ. ನೀನು ಆ ಥರ ಫೋನಿಟ್ಟೆ, ನಂಗೆ ಮನಸ್ಸು ತಡೀಲಿಲ್ಲ. ಅಮ್ಮನ ಬೂಟು ಎಲ್ಲಿ ಹೋಯ್ತು?”

“ಕತ್ತರಿಸಿದ.”

“ಹ್ಞೂ.” ಬ್ರಿಟಾಳ ಬಸ್ಸಿನ ಎಂಜಿನ್ ಗುರುಗುಟ್ಟುತ್ತಿತ್ತು. “ಕೆಳಗೆ ನಿನ್ನ ಹೆಸರಿದೆ.”

ಒಳಗಿನ ಕೋಣೆಯಲ್ಲಿ ವೇಡ್, “ಅಯ್ಯೋ ಇಲ್ಲ ಇಲ್ಲ, ನಾನೊಬ್ನೇ ಶುರು ಮಾಡಿದ್ದು” ಎನ್ನುತ್ತಿದ್ದದ್ದು ಬಾಗಿಲ ಸಂದಿಯಿಂದ ಕೇಳಿಸಿತು.

“ಅವತ್ತು ನೀನು ನಗೋದೇ ಇಲ್ಲ ಅಂತಿದ್ದೆ, ನೆನಪಿದೆಯಾ?” ಎಂದಳು ಬ್ರಿಟಾ. “ಹಲ್ಲು ಚೆನ್ನಾಗಿಲ್ಲ ಅಂತ. ನಾನು ಸೂಪಿನ ಸೌಟು ತಲೆ ಮೇಲೆ ಇಟ್ಕೊಂಡು ಕುಣಿದೆ. ಆಗ ನಕ್ಕಿದ್ದು ನೀನು. ಆ ನಗು ನಾನು ತೆಗೆಸಿದ್ದು.”

“ಬ್ರಿಟಾ…”

“ಇರು, ಶಿಶುವಿಹಾರದ ಮಕ್ಕಳನ್ನ ಕರ್ಕೊಂಡು ಬರೋ ಹೊತ್ತಾಯ್ತು. ಒಂದೇ ಒಂದು ಕೇಳ್ತೀನಿ. ನಿನ್ನನ್ನ ವೇಡ್ ಅಳಿಸಿದ, ಸರಿ, ಅವನು ಅಂಥೋನೇ. ನನ್ನನ್ನ ಅಳಿಸಿದ್ದು ಯಾರು?”